ಕಚ್ಚು ಹಾಕಿದ ಕಾಳು

ಬೆಳಗಿನ ಐದೂವರೆ. ಕ್ರೋ ಹಾರ್ಬರ್ ಶಾಲೆಯ ಅಡುಗೆಮನೆಯಲ್ಲಿ ರೋವೀನಾ ಬೀಲ್ ಒಂದು ಕೈಯಲ್ಲಿ ಪ್ಯಾನ್‌ಕೇಕ್ ಮಗುಚುತ್ತಾ ಇನ್ನೊಂದು ಕೈಯಲ್ಲಿ ಬೋಗುಣಿಗೆ ಕಾಳು ಎಣಿಸಿ ಹಾಕುತ್ತಿದ್ದಾರೆ. ಬೇಯಿಸಲಿಕ್ಕಲ್ಲ, ಮೂರು ವರ್ಷದಿಂದ ಆಡಿಸುತ್ತಿರುವ ಒಂದು ಆಟಕ್ಕೆ. ಅಪ್ಪಂದಿರು ಲಾಬ್‌ಸ್ಟರ್ ಹಿಡಿಯಲು ಕಡಲಿಗಿಳಿಯುವ ಊರಿದು. ಮಕ್ಕಳು ಬೆಳಕು ಹರಿಯುವಷ್ಟರಲ್ಲೇ ಶಾಲೆಗೆ ಬಂದು ಬೀಳುತ್ತಾರೆ. ತರಗತಿ ಶುರುವಾಗುವವರೆಗೆ ಅವರನ್ನು ಸಂಭಾಳಿಸುವ ಕೆಲಸ ಈ ಅಡುಗೆಯವರ ತಲೆಗೆ ಬಂದಿದೆ.

ಅರವತ್ತೊಂದರ ರೋವೀನಾ ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ನಲವತ್ತು ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದಾರೆ. ಗಂಡನ ಬೆನ್ನು ಕೈಕೊಟ್ಟು ದೋಣಿ ಮಾರಿದ ಮೇಲೆ ಮನೆ ನಡೆದದ್ದು ಈ ಸೌಟಿನಿಂದಲೇ. ಅವರ ಪ್ಯಾನ್‌ಕೇಕ್ ತಿಂದು ಬೆಳೆದವನು ನಾನು. ಈ ಬರಹದಲ್ಲಿ ಪಕ್ಷಪಾತ ಕಂಡರೆ ಅದು ಹೊಟ್ಟೆಯದ್ದು.

ನಾಲ್ಕು ಮೇಜು, ನಾಲ್ಕು ದೋಣಿ. ಬೋಗುಣಿಯೇ ಕಡಲು, ಕಾಳೇ ಲಾಬ್‌ಸ್ಟರ್, ಹಿಡಿಯುವ ಬಲೆಯೇ ಚಮಚ. ಪ್ರತಿ ಸುತ್ತಿನ ಕೊನೆಗೆ ಎಷ್ಟು ಕಾಳು ಉಳಿದಿದೆಯೋ ಅಷ್ಟೇ ಹೊಸದಾಗಿ ಸೇರುತ್ತದೆ. ಕಡಲ ನೀರು ಬಿಸಿಯೇರಿ ಲಾಬ್‌ಸ್ಟರ್ ತಂಪು ಹುಡುಕಿ ಹೋಯಿತೆಂದು ಬೋಗುಣಿ ಒಲೆಯ ಕಡೆಯಿಂದ ತಣ್ಣನೆಯ ಬಾಗಿಲಿನತ್ತ ಸರಿಯುತ್ತದೆ. ಅಷ್ಟು ದೂರ ಹೋಗಲು ದೋಣಿಗಳು ಜೊತೆಗೂಡಬೇಕು, ಸಿಕ್ಕಿದ್ದನ್ನು ಹಂಚಿಕೊಳ್ಳಬೇಕು.

"ಹವಾಮಾನ ಅಂತ ಪಾಠ ಮಾಡಿದ್ರೆ ಆಕಳಿಸ್ತಾರೆ. ಬೋಗುಣಿ ದೂರ ಹೋದ್ರೆ ನೋಡಿ, ಹೆಂಗೆ ಬೊಬ್ಬೆ ಹೊಡೀತಾರೆ!" ಎಂದು ರೋವೀನಾ ನಗುತ್ತಾರೆ.

ಆದರೆ ಮೊದಲೆಲ್ಲ ಮೂರನೇ ಸುತ್ತಿಗೇ ಬೋಗುಣಿ ಬರಿದಾಗುತ್ತಿತ್ತು. ಮಾರ್ಚಿನಲ್ಲಿ ಎಂಟು ವರ್ಷದ ಟೆಸ್ಸಾ ಮನೆಗೆ ಹೋಗಿ, "ಅಪ್ಪಾ, ಕಡಲು ಖಾಲಿ ಮಾಡ್ತಿರೋದು ನೀನೇನಾ?" ಎಂದು ಕೇಳಿಬಿಟ್ಟಳು. ಅಪ್ಪ ಮೆರಿಲ್ ಆಲಿ ಕೆಂಡಾಮಂಡಲ. ಆಟ ನಿಲ್ಲಿಸಬೇಕೆಂದು ಅರ್ಜಿ ಬರೆದು ಹನ್ನೊಂದು ಮನೆಯವರ ಸಹಿ ಹಾಕಿಸಿದ. ಶಾಲಾ ಸಮಿತಿ ಸಭೆ ಕರೆಯಿತು.

"ಆಟ ಹೋದ್ರೆ ಹೋಗ್ಲಿ ಅನ್ನೋಕೆ ಬಾಯಿ ಬರ್ಲಿಲ್ಲ. ಅಡುಗೆ ಯಾರು ಬೇಕಾದ್ರೂ ಮಾಡ್ತಾರೆ. ಇದೊಂದೇ ನಂದು ಅಂತ ಇದ್ದದ್ದು," ಎನ್ನುತ್ತಾರೆ ರೋವೀನಾ.

ಸಭೆಯಲ್ಲಿ ರೋವೀನಾ ಮೆರಿಲ್ ಕೈಗೇ ಚಮಚ ಕೊಟ್ಟು ಆಡಿಸಿದರು. ಎರಡು ಸುತ್ತು ಆಡಿದ ಆತ ಬೋಗುಣಿ ಕೆದಕಿ, "ಏನಮ್ಮಾ ರೋವೀನಾ, ಕಚ್ಚು ಎಲ್ಲಿ?" ಎಂದ.

ಮೊಟ್ಟೆ ಹೊತ್ತ ಹೆಣ್ಣು ಲಾಬ್‌ಸ್ಟರ್ ಸಿಕ್ಕರೆ ಗುರುತಿಗೆ ಬಾಲದಲ್ಲಿ ಚಾಕುವಿನಿಂದ ಸಣ್ಣದೊಂದು ಕಚ್ಚು ಹಾಕಿ ಕಡಲಿಗೆ ಬಿಡುವುದು ನಮ್ಮಲ್ಲಿ ಅಜ್ಜಂದಿರ ಕಾಲದ ರೂಢಿ. ಆ ಕಚ್ಚು ಕಂಡವರೆಲ್ಲ ಮತ್ತೆ ಬಿಡಲೇಬೇಕು. ಅದನ್ನೇ ರೋವೀನಾ ಮರೆತಿದ್ದರು!

"ಅಯ್ಯೋ, ಕಡಲಿಗಿಳಿಯೋನ ಮಗಳಾಗಿ ಮರೆತ್ನಲ್ಲ! ಮೂರು ವರ್ಷ ನಿಮ್ಮನ್ನೆಲ್ಲ ಕಳ್ಳರನ್ನಾಗಿ ಮಾಡಿ ಆಡಿಸಿದ್ನಲ್ಲಪ್ಪಾ!"

ಸಭೆ ಗೊಳ್ಳೆಂದಿತು. ಮೆರಿಲ್ ತನ್ನ ಚಾಕು ತೆಗೆದು ಹನ್ನೆರಡು ಕಾಳಿಗೆ ತಾನೇ ಕಚ್ಚು ಹಾಕಿಕೊಟ್ಟ. ಅರ್ಜಿ ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾ, "ಬೋಗುಣಿ ಸರಿಸೋದು ಮಾತ್ರ ಬಿಡಬೇಡ. ಅದು ಸುಳ್ಳಲ್ಲ. ನಮ್ಮಪ್ಪ ಬಲೆಪೆಟ್ಟಿಗೆ ಬಿಡ್ತಿದ್ದ ಜಾಗದಲ್ಲಿ ಈಗ ನಂಗೆ ಏನೂ ಸಿಗಲ್ಲ," ಎಂದ. ಉಸ್ಸಪ್ಪಾ ಎಂದು ರೋವೀನಾ ಅಲ್ಲೇ ಕುರ್ಚಿಗೆ ಕುಸಿದರಂತೆ.

ಇವತ್ತು ಐದನೇ ಸುತ್ತು. ಬೋಗುಣಿ ಬಾಗಿಲ ಬುಡಕ್ಕೆ ಹೋಗಿದೆ. ನಾಲ್ಕು ದೋಣಿ ಎರಡಾಗಿವೆ. ಟೆಸ್ಸಾಳ ಚಮಚಕ್ಕೆ ಕಚ್ಚಿನ ಕಾಳು ಬರುತ್ತದೆ. "ಥೂ, ಮತ್ತೆ ಇವಳೇ!" ಎಂದು ಗೊಣಗುತ್ತಲೇ ವಾಪಸ್ ಹಾಕುತ್ತಾಳೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಮಕ್ಕಳು ತರಗತಿಗೆ ಓಡುತ್ತಾರೆ.

ರೋವೀನಾ ಬೋಗುಣಿ ಎತ್ತಿ ನನಗೆ ತೋರಿಸುತ್ತಾರೆ. ತಳ ಕಾಣುತ್ತಿಲ್ಲ.

"ಮುಗಿದಿದ್ದು ಆಟ, ಕಾಳಲ್ಲ. ನಂಗೆ ಇಷ್ಟೇ ಬೇಕಾಗಿದ್ದು."