ಸೂತಕದ ಒಬ್ಬಟ್ಟು

ಬೆಂಗಳೂರಿನಲ್ಲಿ ನನಗೆ ಕಲಿಸಿಕೊಟ್ಟ ಮೊದಲ ಕೆಲಸ, ಸತ್ತವನನ್ನು ಬದುಕಿದ್ದಾನೆ ಅನ್ನುವುದು. ಬಸ್ಸಿಳಿದು ಎರಡು ತಾಸೂ ಆಗಿರಲಿಲ್ಲ. ಕೈಕಾಲು ತೊಳೆದು ಬಂದವಳನ್ನು ಮನೆಯೊಡತಿ ಶಾರದಮ್ಮ ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಪಿಸುದನಿಯಲ್ಲಿ ಹೇಳಿದರು: "ನೋಡಮ್ಮ ಮಹಾದೇವಿ, ನಮ್ಮತ್ತೆ ಕೇಳಿದ್ರೆ ಪುಟ್ಟ ಫಾರಿನ್‌ಗೆ ಹೋಗಿದಾನೆ ಅನ್ನು. ಪ್ರೋಗ್ರಾಂ ಇದೆ, ಬರೋದು ತಡ ಆಗುತ್ತೆ ಅನ್ನು. ದಿನಾ ಫೋನ್ ಮಾಡ್ತಾನೆ, ನೀವು ಮಲಗಿರ್ತೀರ ಅನ್ನು." ಪುಟ್ಟ ಯಾರು ಅಂತ ಕೇಳಿದೆ. "ನನ್ ಮಗ. ಹೋಗಿ ಇವತ್ತಿಗೆ ನಾಲ್ಕ್ ದಿನ," ಅಂದರು. ಸೆರಗು ಬಾಯಿಗೆ ಹೋದಾಗಲೇ ಅವನು ಎಲ್ಲಿಗೆ ಹೋದದ್ದು ಅಂತ ನನಗೆ ತಿಳಿದದ್ದು.

ನಮ್ಮ ಕಡೆಯ ಓದುಗರಲ್ಲಿ ನಾನು ಯಾರು ಅಂತ ಗೊತ್ತಿಲ್ಲದವರಿಗಾಗಿ ಒಂದು ಮಾತು. ಗುಲ್ಬರ್ಗದ ಆಳಂದ ತಾಲೂಕಿನವಳು, ಡಿ.ಎಡ್. ಮಾಡಿಕೊಂಡವಳು, ನಮ್ಮೂರ ಶಾಲೆಯಲ್ಲಿ ವರ್ಷ ಬಿಟ್ಟು ವರ್ಷ ಅತಿಥಿ ಶಿಕ್ಷಕಿ. ಅತಿಥಿ ಅಂದಮೇಲೆ ಗೊತ್ತಲ್ಲ, ಬಾ ಅಂದಾಗ ಬರಬೇಕು, ಹೋಗು ಅಂದಾಗ ಹೋಗಬೇಕು. ಜೂನ್‌ನಲ್ಲಿ ಶಾಲೆ ಸುರುವಾದರೆ ಈ ಸಲ ನಿನ್ನನ್ನೇ ತಗೋತೀವಿ ಅಂತ ಹೆಡ್‌ಮಾಸ್ತರು ಮಾತು ಕೊಟ್ಟಿದ್ದರು. ಅಲ್ಲಿತನಕ ಖಾಲಿ ಕೂಡುವುದೇಕೆ ಅಂತ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿದು ಬಂದೆ. ಕೆಲಸ ಕೊಡಿಸಿದ ಏಜೆನ್ಸಿಯವರು ನನ್ನ ಅಸಲಿ ಅಂಕಪಟ್ಟಿ ಇಸಕೊಂಡು ಕಪಾಟಿನಲ್ಲಿಟ್ಟರು. ಎರಡು ತಿಂಗಳು ತುಂಬುವ ಮೊದಲು ಬಿಟ್ಟುಹೋದರೆ ಅದು ಸಿಗುವುದಿಲ್ಲ.

ಮನೆ ಇರುವುದು ಅಮೃತಹಳ್ಳಿಯಲ್ಲಿ. ಹೆಸರು ಹಳ್ಳಿ, ಇರುವುದು ನಾಲ್ಕಂತಸ್ತಿನ ಕಟ್ಟಡಗಳು. ಈ ಮನೆಯವರು ಇಲ್ಲಿನ ಹಳೇ ಒಕ್ಕಲು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಶಾರದಮ್ಮನ ಗಂಡ ಕೃಷ್ಣಪ್ಪನವರು ಈಗ ಕಟ್ಟಡ ಎಬ್ಬಿಸುತ್ತಾರೆ. ಕೆಳಗೆ ಇವರು, ಮೇಲೆಲ್ಲ ಬಾಡಿಗೆಯವರು, ಅವರಿಗೆ ಹಿಂದಿನಿಂದ ಬೇರೆ ದಾರಿ. ಗಂಡ ಹೆಂಡತಿ ಹೊರಗೆ ಹೊರಟರೆ ಮುಂದಿನ ಗೇಟಿಗೆ ಹೊರಗಿನಿಂದ ಬೀಗ. ಪುಟ್ಟ ಹಾಡುಗಾರ, ಅವನ ಅಭಿಮಾನಿಗಳು ಒಳಗೆ ನುಗ್ಗಿ ಅಜ್ಜಿಯ, ಅಂದರೆ ಶಾರದಮ್ಮನ ಅತ್ತೆಯ, ಮುಂದೆ ಬಾಯಿಬಿಟ್ಟಾರು ಅನ್ನುವ ಭಯ. ಅಜ್ಜಿಯ ಕೋಣೆಯ ಕಿಟಕಿ ತೆಗೆಯುವ ಹಾಗಿಲ್ಲ, ಸೊಳ್ಳೆ. ಟಿವಿ ಹಾಕುವ ಹಾಗಿಲ್ಲ, ಕೇಬಲ್ ಕೆಟ್ಟಿದೆ. ಹೀಗೆ ಒಂದು ಸುಳ್ಳಿಗೆ ಹತ್ತು ಸುಳ್ಳಿನ ಕಾವಲು. ನಮ್ಮ ಕಡೆ ಜೀವ ಒಳಗಿರುವಾಗ ಹೊರಗಿನಿಂದ ಕೀಲಿ ಹಾಕುವುದು ಕೋಳಿಗೂಡಿಗೆ ಮಾತ್ರ. ಮೊದಲ ವಾರ ಆ ಬೀಗ ಬೀಳುವ ಸದ್ದು ಕೇಳಿದೊಡನೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರುತ್ತಿದ್ದೆ.

ಮನೆಯಲ್ಲಿ ಪುಟ್ಟ, ಹೊರಗೆ ಕೆಂಪಣ್ಣ. ಕನ್ನಡದಲ್ಲಿ ರಾಕ್ ಹಾಡುತ್ತಿದ್ದ. ರಾಕ್ ಅಂದರೆ ಗಿಟಾರು, ಡ್ರಮ್ಮು, ಎದೆ ನಡುಗುವ ಸದ್ದು. ಎಲ್ಲೋ ಕಾರ್ಯಕ್ರಮ ಮುಗಿಸಿ ಬರುವಾಗ ಅವರ ವ್ಯಾನು ಲಾರಿಗೆ ಗುದ್ದಿತು. ಸೋಲದೇವನಹಳ್ಳಿ ಹತ್ತಿರ ಇವರದೊಂದು ತೋಟವಿದೆ. ಆಸ್ಪತ್ರೆಯಿಂದ ನೇರ ಅಲ್ಲಿಗೇ ಒಯ್ದು ಮಣ್ಣು ಮಾಡಿದರು, ಮನೆಗೆ ತರಲೇ ಇಲ್ಲ. ನಾನು ಫೋನಿನಲ್ಲಿ ಅವನ ಹಾಡು ಹುಡುಕಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಖರೇ ಹೇಳುತ್ತೇನೆ, ಮೊದಲ ಸಲ ಕೇಳಿದಾಗ ಇದು ಹಾಡೋ ಜಗಳವೋ ತಿಳಿಯಲಿಲ್ಲ. ಭಾನುವಾರ ಬಂತೆಂದರೆ ಹೆಬ್ಬಾಳ, ಆರ್.ಟಿ. ನಗರ, ಯಲಹಂಕದಿಂದ ಕರಿ ಟೀಶರ್ಟಿನ ಹುಡುಗ ಹುಡುಗಿಯರು ಬಂದು ಗೇಟಿನ ಮುಂದೆ ನಿಲ್ಲುವರು. "ಇದೇ ಕಣೋ ಮನೆ," ಅಂತ ಒಬ್ಬ ಇನ್ನೊಬ್ಬನಿಗೆ ತೋರಿಸುವನು. ಕೃಷ್ಣಪ್ಪನವರು ಕೈಮುಗಿದು ತೋಟಕ್ಕೆ ಹೋಗಿ ಅಂತ ಕಳಿಸುವರು.

ಅಜ್ಜಿಗೆ ಎಂಬತ್ತು ದಾಟಿದೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ, ಬಾಯಿ ಮಾತ್ರ ಗಟ್ಟಿ. "ಇದ್ಯಾವೂರ್ ಕನ್ನಡ್ವೇ, ರೊಟ್ಟಿ ತಟ್ದಂಗೆ ಮಾತಾಡ್ತೀಯ?" ಅಂದು, ನನ್ನ ಹೆಸರು ಬಿಟ್ಟು 'ಗುಲ್ಬರ್ಗದೋಳೆ' ಅಂತ ಕರೆಯತೊಡಗಿದರು. ಅವರ ಬಾಯಲ್ಲಿ ಹಾಲು ಆಲು, ಹಬ್ಬ ಅಬ್ಬ. ಅವರಿಂದಲೇ ನಾನು ಬಸ್ಸಾರು ಕಲಿತೆ, ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು. ಮುದ್ದೆ ಕಟ್ಟಲು ಹದಿನೈದು ದಿನ ಬೇಕಾಯಿತು. ಗಂಟಿಲ್ಲದ ಮೊದಲ ಮುದ್ದೆ ಮುರಿದು ಅಜ್ಜಿ "ಇನ್ನು ನಿಂಗೆ ಈ ಕಡೆನೇ ಗಂಡು ನೋಡ್ಬೌದು" ಅಂದಾಗ ನಾನು ಪಾಸಾದ ಹುಡುಗಿಯ ಹಾಗೆ ಹಿಗ್ಗಿದೆ.

ಆದರೆ ವಿಮಾನಗಳು ನನ್ನ ಪ್ರಾಣ ತಿಂದವು. ಈ ಭಾಗದಲ್ಲಿ ಕಾಗೆಗಿಂತ ವಿಮಾನವೇ ಹೆಚ್ಚು. ಸದ್ದು ಕೇಳಿದಾಗಲೆಲ್ಲ ಅಜ್ಜಿ ತಲೆ ಎತ್ತಿ, "ಇದ್ರಲ್ಲೇನಾದ್ರೂ ಬಂದ್ನೇನೇ ನಮ್ಮುಡ್ಗ?" ಅನ್ನುವರು. "ಇದರಾಗ ಇಲ್ಲರಿ ಅಜ್ಜಿ, ಇದು ಮುಂಬೈದು." ಭೂಗೋಳದ ಪಾಠದಲ್ಲಿದ್ದ ಊರುಗಳನ್ನೆಲ್ಲ ಹೀಗೆ ಒಂದೊಂದಾಗಿ ಖರ್ಚು ಮಾಡಿದೆ.

ನಾನು ಬಂದ ಐದನೇ ದಿನ ಯುಗಾದಿ. ಹನ್ನೊಂದನೇ ದಿನದ ತಿಥಿ ಇನ್ನೂ ಆಗಿರಲಿಲ್ಲ, ಮನೆಯಲ್ಲಿ ಸೂತಕ, ಒಲೆಯ ಮೇಲೆ ಬಾಣಲೆ ಇಡುವ ಹಾಗಿಲ್ಲ. ಹಬ್ಬ ಮಾಡದಿದ್ದರೆ ಅಜ್ಜಿಗೆ ಅನುಮಾನ ಬರುತ್ತದೆ. ಕೃಷ್ಣಪ್ಪನವರು ಅಂಗಡಿಯಿಂದ ಒಬ್ಬಟ್ಟು ತಂದರು. ನಮ್ಮ ಹೋಳಿಗೆಯೇ ಇಲ್ಲಿ ಒಬ್ಬಟ್ಟು. ಶಾರದಮ್ಮ ಅದನ್ನು ಮುಟ್ಟಲಿಲ್ಲ, ನನ್ನ ಕೈಗೆ ಕೊಟ್ಟರು. ಬಿಸಿ ಮಾಡಿ, ತುಪ್ಪ ಹಾಕಿ, ತುತ್ತು ಮಾಡಿ ತಿನ್ನಿಸಿದೆ. "ಇನ್ನೊಂದ್ ಇಕ್ಕು," ಅಂದರು ಅಜ್ಜಿ. ಇಕ್ಕಿದೆ. ಆಗ ನನಗೆ ಏನೂ ಅನ್ನಿಸಲಿಲ್ಲ ಅಂತ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಪುಟ್ಟ ಹೋಗಿ ತಿಂಗಳು ತುಂಬಿದ ದಿನ ಗಂಡ ಹೆಂಡತಿ ಬೆಳಿಗ್ಗೆಯೇ ತೋಟಕ್ಕೆ ಪೂಜೆಗೆ ಹೋದರು. ಹತ್ತು ಗಂಟೆಯ ಹೊತ್ತಿಗೆ ಓಣಿ ತುಂಬ ಕರಿ ಟೀಶರ್ಟು. ತಡೆಯಲು ಯಾರೂ ಇಲ್ಲ. ನಾನು ಪಡಸಾಲೆಯ ಕಿಟಕಿಗೆ ಓಡಿದೆ. ಹೂವಿನ ಪೊಟ್ಟಣ ಹಿಡಿದ ಹುಡುಗಿಯೊಬ್ಬಳು ಗೇಟಿಗೆ ಮುಖ ಹಚ್ಚಿ ನಿಂತಿದ್ದಳು.

"ಅಕ್ಕಾ, ಗೇಟ್ ತೆಗೀರಿ ಪ್ಲೀಸ್. ಹೂವ ಇಟ್ಟು ಹೋಗ್ಬಿಡ್ತೀವಿ."

"ಹೊರಗಿಂದ ಕೀಲಿ ಹಾಕ್ಯಾರವಾ. ಚಾವಿ ನನ್ನ ಬಲ್ಲಿ ಇಲ್ಲ."

"ಮತ್ತೆ ನೀವು ಒಳಗಿದೀರಲ್ಲ?"

"ನಾನೂ ಸಿಕ್ಕೊಂಡೀನಿ."

ಅವಳು ಹೂವಿನ ಪೊಟ್ಟಣವನ್ನು ಗೇಟಿನ ಸಂದಿಯಲ್ಲಿ ಸಿಕ್ಕಿಸಿದಳು. ಹಿಂದಿನಿಂದ ಯಾವನೋ "ಬಿಡು ಮಗಾ, ಇಲ್ಲೇ ಹಾಡೋಣ" ಅಂದ. ಹಾಡಬ್ಯಾಡ್ರಿ, ಒಳಗ ಅಜ್ಜಿಗೆ ಗೊತ್ತಿಲ್ಲ ಅನ್ನುವಷ್ಟರಲ್ಲಿ ಗಿಟಾರು ಸುರುವಾಗಿತ್ತು.

ಮುಚ್ಚಿಹೋದ ಕೆರೆಯೊಂದರ ಮೇಲೆ ಅವನು ಕಟ್ಟಿದ ಹಾಡು. ಫೋನಿನಲ್ಲಿ ಕೇಳಿದಾಗ ಜಗಳ ಅನ್ನಿಸಿದ್ದು ಇದೇ. ಈಗ ನೂರಾರು ಮಂದಿ ಕಣ್ಣೀರು ಒರೆಸಿಕೊಳ್ಳದೆ, ಮೆಲ್ಲಗೆ, ಕೈಯಲ್ಲೇ ತಾಳ ಹಾಕುತ್ತ ಹಾಡಿದರು. ನಮ್ಮ ಕಡೆ ಸತ್ತವರನ್ನು ಹಾಡಿಲ್ಲದೆ ಕಳಿಸುವುದಿಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮಪ್ಪ ತೀರಿದಾಗ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿ, ಓಣಿಯ ಭಜನಿ ಮಂದಿ ತಾಳ ಹಿಡಿದು ಬೆಳತನಕ ಹಾಡಿದ್ದರು. ಹಾಡಿನ ನಡುವೆ ನಾವು ಅಳುತ್ತಿದ್ದೆವು, ನಮ್ಮ ಅಳುವನ್ನೂ ಎತ್ತಿಕೊಂಡು ಹಾಡು ಮುಂದಕ್ಕೆ ಹೋಗುತ್ತಿತ್ತು. ಇಲ್ಲಿ ಒಂದು ತಿಂಗಳಿಂದ ಬಾಗಿಲ ಹಿಂದಿನ ಬಿಕ್ಕು, ನಲ್ಲಿ ತಿರುಗಿಸಿ ಮುಚ್ಚಿದ ಬಿಕ್ಕು ಕೇಳಿ ಕೇಳಿ ನನ್ನ ಎದೆ ಕಲ್ಲಾಗಿತ್ತು. ಊರಿನ ಸಾವು ಹೇಗಿರುತ್ತದೆ ಅಂತ ನನಗೆ ನೆನಪು ಮಾಡಿಕೊಟ್ಟವರು, ಹರಕು ಜೀನ್ಸಿನ ಈ ಮಕ್ಕಳು. ಕಣ್ಣೆದುರು ನೋಡದ ಹುಡುಗನಿಗಾಗಿ, ನೋಡಿದ ಅಪ್ಪನಿಗಾಗಿ, ನಾನು ಅತ್ತೆ.

"ಗುಲ್ಬರ್ಗದೋಳೆ, ಯಾರೇ ಅದು ನಮ್ಮುಡ್ಗನ್ ಪದ ಆಡ್ತಿರೋದು?"

ಒಳಗೆ ಹೋದೆ. "ಅವರ ಅಭಿಮಾನಿಗಳರಿ ಅಜ್ಜಿ. ಭಾಳ ಪ್ರೀತಿ ಮಂದಿಗೆ."

ಅಜ್ಜಿ ನನ್ನ ಮುಖ ನೋಡಿದರು. "ಅವ್ರ್ ಆಡ್ತಾವ್ರೆ, ಸರಿ. ನೀನ್ಯಾಕ್ ಅಳ್ತೀಯ?"

ತಿಂಗಳಿಂದ ಎಲ್ಲದಕ್ಕೂ ಸುಳ್ಳು ಇತ್ತು. ಇದಕ್ಕೆ ಇರಲಿಲ್ಲ. "ಪುಟ್ಟ ಬರಂಗಿಲ್ಲರಿ ಅಜ್ಜಿ," ಅಂದೆ. ವ್ಯಾನು, ಲಾರಿ, ತೋಟ, ಎಲ್ಲ ಹೇಳಿದೆ. ಎದೆ ಹಿಡಿದುಕೊಂಡಾರು ಅಂತ ಕೈ ಹಿಡಿಯಲು ಹೋದೆ. ಅವರು ಸೂರು ನೋಡುತ್ತ ಕೇಳಿದ್ದು ಒಂದೇ ಮಾತು.

"ಯುಗಾದಿಗೆ ಮುಂಚೇನಾ, ಆಮೇಲಾ?"

"ಮುಂಚೆರಿ."

ಕೈ ಕಿತ್ತುಕೊಂಡರು. "ಸೂತ್ಕದಲ್ಲಿ ನನ್ ಬಾಯ್ಗೆ ಒಬ್ಬಟ್ಟು ಇಕ್ಕಿದ್ಯಲ್ಲೇ. ಎಲ್ಡು ತಿಂದೆ. ನನ್ ಮೊಮ್ಮಗ ಮಣ್ಣಲ್ಲವ್ನೆ, ನಾನು ತುಪ್ಪ ಆಕಿಸ್ಕೊಂಡು ಎಲ್ಡು ತಿಂದೆ. ನಿಂಗೆ ಗೊತ್ತಿತ್ತು."

ಗೊತ್ತಿತ್ತು. ಶಾರದಮ್ಮ ಹೇಳಿದರು, ನಾನು ಮಾಡಿದೆ ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಹೇಳಲಿಲ್ಲ. ತಿನ್ನಿಸಿದ ಕೈ ನನ್ನದೇ.

ಸಂಜೆ ಶಾರದಮ್ಮ ಬಂದು ಮಂಚದ ಪಕ್ಕ ನಿಂತಾಗ ನನ್ನ ಕೆಲಸ ಹೋಯಿತು, ಅಂಕಪಟ್ಟಿ ಹೋಯಿತು ಅಂದುಕೊಂಡೆ. ಅಜ್ಜಿ ಸೊಸೆಯನ್ನು ನೋಡಿ ಕೇಳಿದರು: "ಪುಟ್ಟ ಫೋನ್ ಮಾಡಿದ್ನಾ?"

"ಮಾಡಿದ್ದ ಕಣತ್ತೆ. ಚೆನ್ನಾಗಿದಾನಂತೆ," ಅಂತ ಶಾರದಮ್ಮ ನಕ್ಕರು.

"ಆಗ್ಲಿ ಬುಡು."

ಅವರು ಹೋದಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದರು. "ಅವ್ಳು ಎತ್ತೋಳು. ನನ್ ಮುಂದೆ ನಗ್ಬೇಕಲ್ಲ ಅಂತ ದಿನಕ್ಕೊಂದ್ ಗಳ್ಗೆನಾದ್ರೂ ಅಳೋದ್ ನಿಲ್ಲಿಸ್ತಾಳೆ. ನಂಗೆ ಗೊತ್ತಾಯ್ತು ಅಂದ್ರೆ ಅದೂ ಇಲ್ಲ. ಯೇಳ್ಬ್ಯಾಡ."

ಅಂದಿನಿಂದ ಹನ್ನೊಂದು ದಿನ ಅಜ್ಜಿ ತಮ್ಮದೇ ಸೂತಕ ಹಿಡಿದರು. ತುಪ್ಪವಿಲ್ಲ, ತಲೆಗೆ ಎಣ್ಣೆಯಿಲ್ಲ. ಶಾರದಮ್ಮ ಕೇಳಿದರೆ ಅಜೀರ್ಣ ಅನ್ನುವುದು ನನ್ನ ಪಾಲಿನ ಹೊಸ ಸುಳ್ಳು. ನನ್ನ ಕೈಯ ತುತ್ತನ್ನು ಅವರು ತಗೊಳ್ಳಲಿಲ್ಲ. ನಡುಗುವ ಬೆರಳಿನಿಂದ ತಾವೇ ಕಲಸಿ, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡು ತಿಂದರು. ನಾನು ಬಟ್ಟೆ ಹಿಡಿದು ಕೂತಿರುತ್ತಿದ್ದೆ. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಗೇಟಿಗೆ ಬೀಗ ಬಿದ್ದು ಕಾರಿನ ಸದ್ದು ದೂರವಾದ ಮೇಲೆಯೇ ಅವರು ಅಳುವುದು. "ತಾತನ್ ಎಸ್ರು ಇಟ್ಟಿದ್ವಿ ಕಣೇ. ಗಂಡನ್ ಎಸ್ರು ಅಂತ ಒಂದ್ಸಲಾನೂ ಬಾಯ್ತುಂಬ ಕೂಗ್ಲಿಲ್ಲ," ಅಂದರು ಒಮ್ಮೆ. ಆಮೇಲೆ ಕೂಗಿದರು. ಬೀದಿಯಲ್ಲಿ ಆ ಮಕ್ಕಳು ಕೂಗುತ್ತಿದ್ದ ಹಾಗೆಯೇ, ಕೆಂಪಣ್ಣಾ ಅಂತ. ಹನ್ನೆರಡನೇ ದಿನ ನಾನು ತುತ್ತು ಮಾಡಿ ಹಿಡಿದೆ. ಬಹಳ ಹೊತ್ತು ನೋಡಿ ಬಾಯಿ ತೆರೆದರು. ಕ್ಷಮಿಸಿದರು ಅಂತ ನಾನು ಹೇಳಲಾರೆ. ಹಸಿವೂ ಇದ್ದಿರಬಹುದು.

ಮೊನ್ನೆ ಏಜೆನ್ಸಿಯವರು ಫೋನ್ ಮಾಡಿದರು. ಎರಡು ತಿಂಗಳು ಮುಗಿಯಿತು, ಅಂಕಪಟ್ಟಿ ತಗೊಂಡು ಹೋಗಿ, ಬೇರೆ ಹುಡುಗಿಯನ್ನು ಕಳಿಸುತ್ತೇವೆ ಅಂದರು. ನಾನು ಬಂದ ದಿನದಿಂದ ಕಾದ ಮಾತು ಅದು. ಕೇಳಿದವಳು, ಆಮೇಲೆ ಹೇಳುತ್ತೇನೆ ಅಂತ ಫೋನ್ ಇಟ್ಟೆ. ಬರುವ ಹೊಸ ಹುಡುಗಿಗೆ ಶಾರದಮ್ಮ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಪಾಠ ಹೇಳುತ್ತಾರೆ. ವಿಮಾನದ ಸದ್ದಾದಾಗಲೆಲ್ಲ ಆ ಹುಡುಗಿ ಅಜ್ಜಿಗೆ ಒಂದೊಂದು ಊರು ಹೇಳುತ್ತಾಳೆ. ಅವಳ ಮುಂದೆ ಅಜ್ಜಿ ಅಳುವ ಹಾಗಿಲ್ಲ. ಈ ಊರಿನಲ್ಲಿ ಅವರು ಅಳಬಹುದಾದದ್ದು ನನ್ನೊಬ್ಬಳ ಮುಂದೆ.

ನಿನ್ನೆ ಮಧ್ಯಾಹ್ನ ನಮ್ಮವ್ವ ಫೋನ್ ಮಾಡಿದಳು. ಶಾಲೆ ಸುರುವಾಗುತ್ತದೆ, ಬರ್ತಾಳೋ ಇಲ್ಲೋ ಒಂದು ಮಾತು ಹೇಳಲಿ ಅಂತ ಹೆಡ್‌ಮಾಸ್ತರು ಮನೆಗೇ ಬಂದಿದ್ದರಂತೆ. ಮಾತಾಡುತ್ತ ಆಡುತ್ತ ಅವ್ವ ನಿಲ್ಲಿಸಿದಳು.

"ಅದ್ಯಾರವಾ ಅಳ್ಲಾಕತ್ತಾರ?"

"ನಮ್ಮಜ್ಜಿ, ಅವ್ವ," ಅಂದೆ.

ಅವ್ವ ಮೆಲ್ಲಗೆ, ಜ್ವರ ಬಂದವರ ಜೊತೆ ಮಾತಾಡುವ ಹಾಗೆ ಅಂದಳು: "ನಿಮ್ಮಜ್ಜಿ ಸತ್ತು ಹದಿನಾಕು ವರ್ಷ ಆತಲ್ಲ, ಮಾದೇವಿ."

"ಹೌದವ್ವ," ಅಂದೆ. "ಮಾಸ್ತರಿಗೆ ಈ ವರ್ಷ ಬ್ಯಾರೆಯವರನ್ನ ತಗೋರಿ ಅಂತ ಹೇಳು."

ಅವ್ವ ಫೋನ್ ಇಟ್ಟಳು. ನಾನು ಅಜ್ಜಿಯ ಮಂಚದ ಮೇಲೆ ಕೂತು, ಊರಿಗಾಗಿ ಅತ್ತೆ.