ನಾಲ್ಕು ಹೊಲಿಗೆಯ ಮೂಗು

ನನ್ನ ಮೂಗು ಹೇಗೆ ಹರಿಯಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಮೂರು ಕಥೆಗಳಿದ್ದವು. ಮಾವಿನ ಮರದ ಉಯ್ಯಾಲೆಯಿಂದ ಬಿದ್ದೆ ಎನ್ನುತ್ತಿದ್ದಳು ಅಮ್ಮ. ಕರು ತಲೆ ಕೊಡವಿದಾಗ ಅದರ ಹಗ್ಗಕ್ಕೆ ಮೂಗುಬೊಟ್ಟು ಸಿಕ್ಕಿಕೊಂಡಿತು ಎನ್ನುತ್ತಿದ್ದ ಚಿಕ್ಕಪ್ಪ. ಅಜ್ಜಿಯ ಲೆಕ್ಕದಲ್ಲಿ ಅದು ದೃಷ್ಟಿ. ನನಗೆ ನೆನಪಿರುವುದು ನಾಲಿಗೆಗೆ ಹತ್ತಿದ ರಕ್ತದ ಉಪ್ಪು ಮಾತ್ರ. ಅದನ್ನೂ ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಯಾವ ಕಥೆ ನಿಜವಾದರೂ ಮೂಗು ಮಾತ್ರ ಬದಲಾಗುವುದಿಲ್ಲ: ಬಲಹೊಳ್ಳೆಯ ಅಂಚು ಸೀಳಿತ್ತು, ಮೂಳೆ ಎಡಕ್ಕೆ ವಾಲಿತ್ತು.

ಹತ್ತು ವರ್ಷ ಅದು ಯಾರಿಗೂ ತೊಂದರೆ ಕೊಡಲಿಲ್ಲ, ನನ್ನನ್ನು ಬಿಟ್ಟು. ಯಾರ ಜೊತೆಗೂ ಮುಖಕ್ಕೆ ಮುಖ ಕೊಟ್ಟು ಮಾತಾಡದೆ ಒಂದು ಮಗ್ಗುಲಿಗೆ ತಿರುಗಿ ನಿಲ್ಲುವುದು ಅಭ್ಯಾಸವಾಯಿತು. ಎರಡನೆಯ ಮಹಾಯುದ್ಧದ ಕಾಲ. ನನಗೆ ಹದಿನೆಂಟೋ ಹತ್ತೊಂಬತ್ತೋ ಇರುವಾಗ ಮಾಲೂರಿನಿಂದ ಒಂದು ಸಂಬಂಧ ಬಂತು. ಆಗ ಎಲ್ಲರಿಗೂ ನನ್ನ ಮೂಗು ಕಾಣಿಸಿತು. ನಮ್ಮ ಕಡೆಯವರಲ್ಲಿ ನಿಶ್ಚಯದ ದಿನ ಅತ್ತೆಯಾಗುವವಳು ತನ್ನ ಕೈಯಾರೆ ಹುಡುಗಿಗೆ ಮೂಗುಬೊಟ್ಟು ಹಾಕಬೇಕು. ಸೀಳಿದ ಹೊಳ್ಳೆಯಲ್ಲಿ ಬೊಟ್ಟು ನಿಲ್ಲುವುದಾದರೂ ಹೇಗೆ?

ಶ್ರೀನಿವಾಸಪುರದಿಂದ ಸಣ್ಣ ರೈಲಿನಲ್ಲಿ ಅಣ್ಣ ನನ್ನನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಕಿಟಕಿಯ ಬೆಳಕಿಗೆ ನನ್ನ ಗದ್ದ ಎತ್ತಿ ಹಿಡಿದು, ಅಣ್ಣನೊಂದಿಗೆ ಮಾತಾಡಿದರು. ಎರಡು ದಾರಿ ಇದೆ ಎಂದರು. ಸಣ್ಣದು: ಸೂಜಿ ಚುಚ್ಚಿ ಜೋಮು ಹಿಡಿಸಿ, ಸೀಳಿದ ಅಂಚನ್ನು ಕೆರೆದು ನಾಲ್ಕು ಹೊಲಿಗೆ. ಅರ್ಧ ಗಂಟೆಯ ಕೆಲಸ. ಕೀವಾಗಬಹುದು, ಎಳೆದರೆ ಬಿಚ್ಚಬಹುದು, ಹತ್ತಿರದಿಂದ ನೋಡಿದರೆ ಗೆರೆ ಕಾಣಬಹುದು. ಸೊಟ್ಟ ಹಾಗೇ ಉಳಿಯುತ್ತದೆ. ದೊಡ್ಡದನ್ನು ಬೆಂಗಳೂರಿನಲ್ಲಿ ಮಾಡಬೇಕು: ಕ್ಲೋರೋಫಾರಂ ಕೊಟ್ಟು, ಮೂಳೆ ಮುರಿದು, ನೇರ ಕೂರಿಸಿ, ಹೊಳ್ಳೆಯನ್ನೂ ಸರಿಮಾಡುವುದು. ರಕ್ತ ಹೆಚ್ಚು ಹೋಗುತ್ತದೆ. ಉಸಿರಾಟಕ್ಕೆ ಅಡ್ಡಿಯಾಗಬಹುದು. ಈಗಿರುವುದಕ್ಕಿಂತ ಕೆಟ್ಟದಾದರೆ ಮತ್ತೆ ತಿದ್ದುವುದು ಕಷ್ಟ.

ಕೊನೆಗೆ, ಯಾವುದು ಮಾಡಿಸಿದರೂ ಒಂದು ವರ್ಷ ಮೂಗಿಗೆ ಏನೂ ಹಾಕಬಾರದು, ಎಂದರು. ಇದನ್ನು ನಾನು ಕಿವಿಯಾರೆ ಕೇಳಿದೆ.

ಮನೆಯ ಜಗಲಿಯಲ್ಲಿ ತೀರ್ಮಾನಕ್ಕೆ ಕೂತವರು ಅಣ್ಣ, ಚಿಕ್ಕಪ್ಪ, ಅಜ್ಜಿ. ನಾನು ಬಾಗಿಲ ಹಿಂದೆ.

"ಕ್ಲೋರೋಫಾರಂ ಕೊಟ್ಮೇಲೆ ಎದ್ದೇಳ್ದೇ ಇದ್ರೆ ಏನ್ಲಾ ಮಾಡ್ತೀಯ?" ಎಂದ ಚಿಕ್ಕಪ್ಪ.

"ಎದ್ದೇಳ್ತಾರೆ ಚಿಕ್ಕಪ್ಪ, ದಿನಾ ಕೊಡ್ತಾರೆ."

"ಎದ್ರೂ ಯಾರ ಮೂಗಿಟ್ಕೊಂಡು ಏಳ್ತಾಳೋ!"

ಅಜ್ಜಿಗೆ ನಗು ಬರಲಿಲ್ಲ. "ನಾಲ್ಕು ಹೊಲಿಗೆ ಸಾಕು ಕಣಪ್ಪ. ಬೊಟ್ಟು ನಿಂತ್ರೆ ಆಯ್ತು. ಸೊಟ್ಟ ಮೂಗಿನೋರು ಹತ್ತು ಹೆತ್ತಿಲ್ವಾ?"

"ನಂಗೆ ದೊಡ್ಡದೇ ಆಗ್ಲಿ" ಎಂದೆ ನಾನು. ಬಾಯಿಬಿಟ್ಟು ಹೇಳಿದೆನೇ ಎಂಬ ಅನುಮಾನ ನನ್ನನ್ನು ಬಹಳ ಕಾಲ ಕಾಡಿದೆ. ಹೇಳಿರಲೇಬೇಕು, ಏಕೆಂದರೆ ಚಿಕ್ಕಪ್ಪನ ಉತ್ತರ ನನಗೆ ಅಕ್ಷರಶಃ ನೆನಪಿದೆ: "ಓಹೋ, ಮೂಗೇ ಮಾತಾಡ್ತಾ ಇದೆ!"

ಸಣ್ಣದು ಎಂದು ತೀರ್ಮಾನವಾಯಿತು. ಅಪಾಯ ಕಡಿಮೆ ಎಂದರು. ಯಾರಿಗೆ ಕಡಿಮೆ ಎಂದು ನಾನು ಕೇಳಲಿಲ್ಲ.

"ಬೊಟ್ಟು ಯಾವಾಗ ಹಾಕ್ಬೋದಂತೆ?" ಎಂದು ಅಜ್ಜಿ ಕೇಳಿದಾಗ ಅಣ್ಣ, "ಸ್ವಲ್ಪ ದಿನ ಹೋಗ್ಲಿ ಅಂದ್ರು" ಎಂದ. ಒಂದು ವರ್ಷ ಎಂದರೆ ಮಾಲೂರಿನವರು ಕಾಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅಣ್ಣನ ಮಾತನ್ನು ಹಿರಿಯರ ಮುಂದೆ ತಿದ್ದುವುದು ಹೇಗೆಂದು ಸುಮ್ಮನಿದ್ದೆ. ಇಷ್ಟು ವರ್ಷ ತಪ್ಪನ್ನು ಅಣ್ಣನ ಮೇಲೆ ಹಾಕಿದ್ದೇನೆ. ಆ ಕೋಣೆಯಲ್ಲಿ ಡಾಕ್ಟರ ಮಾತು ಕೇಳಿದ ಕಿವಿಗಳು ನಾಲ್ಕು.

ಹೊಲಿಗೆ ಹಾಕಿದರು. ಚೆನ್ನಾಗಿಯೇ ಕೂಡಿಕೊಂಡಿತು. ಹೊಲಿಗೆ ಬಿಚ್ಚಿ ಒಂದು ವಾರವಾಗಿರಬಹುದು, ಎಣ್ಣೆ ನೀರಿನ ದಿನ ಅಜ್ಜಿ ನನ್ನ ಮುಖವನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿ ಗಾಬರಿಯಾದಳು. "ಅಯ್ಯೋ ತಲ್ಲೀ, ತೂತೇ ಇಲ್ವಲ್ಲೇ! ಎಲ್ಲಾ ಮುಚ್ಚಿಬಿಟ್ಟವ್ನೆ!"

ಮುಚ್ಚುವುದಕ್ಕಾಗಿಯೇ ಕೋಲಾರಕ್ಕೆ ಹೋಗಿದ್ದೆವು. ಆದರೆ ಅಜ್ಜಿಯ ಕೈ ಎಷ್ಟೋ ಎಳೆಯ ಹೆಣ್ಣುಮಕ್ಕಳ ಮೂಗಿನ ತೂತು ಮುಚ್ಚದಂತೆ ಕಾಪಾಡಿದ ಕೈ. ಚುಚ್ಚಿಸಿದ ಮೂಗಿಗೆ ಬೊಟ್ಟು ಬರುವವರೆಗೆ ಬೇವಿನ ಕಡ್ಡಿ ಇಡುವುದು ಅವಳಿಗೆ ಹಣೆಗೆ ಕುಂಕುಮ ಇಟ್ಟಷ್ಟು ಸಹಜ. ಕಡ್ಡಿಯನ್ನು ನಯವಾಗಿ ಹೆರೆದು, ಅರಿಶಿನದೆಣ್ಣೆಯಲ್ಲಿ ಅದ್ದಿ, ಹೊಸ ಚರ್ಮದೊಳಕ್ಕೆ ತಳ್ಳಿದಳು.

"ಬೇಡಜ್ಜಿ, ಉರಿಯತ್ತೆ."

"ಉರಿದ್ರೆ ಉರೀಲಿ ಬಿಡೇ. ಬೋಳು ಮೂಗಿಟ್ಕೊಂಡು ಹಸೆ ಮೇಲೆ ಕೂರ್ತೀಯಾ?"

ಆಗಲೂ ಹೇಳಬಹುದಿತ್ತು, ಒಂದು ವರ್ಷ ಎಂದು. ಕಣ್ಣುಮುಚ್ಚಿಕೊಂಡೆ.

ಐದನೆಯ ದಿನ ಮುಖ ಬೀಗಿತು. ಕೀವು ತುಂಬಿತು, ಜ್ವರ ಬಂತು. ಕಡ್ಡಿ ತೆಗೆದರು, ಆದರೆ ಹೊಲಿಗೆಯ ಜಾಗ ಕೊಳೆತು ಹೊಳ್ಳೆಯ ಅಂಚೇ ಹೋಯಿತು. ಮೊದಲು ಸೀಳಿತ್ತು, ಈಗ ಅಲ್ಲಿ ಏನೂ ಇರಲಿಲ್ಲ.

ಜ್ವರ ಇಳಿದ ಮೇಲೆ ಮತ್ತೆ ಕೋಲಾರ. ಡಾಕ್ಟರು ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು. ಇನ್ನು ಸಣ್ಣದು ಆಗುವುದಿಲ್ಲ ಎಂದರು. ದೊಡ್ಡದಕ್ಕೂ ಈಗ ಹಣೆಯ ಚರ್ಮ ತರಬೇಕು, ಒಂದು ಸಲಕ್ಕೆ ಮುಗಿಯದು, ತಂದ ಚರ್ಮ ಹಿಡಿಯದೆ ಹೋದರೆ ಹಣೆಯೂ ಕೆಟ್ಟಂತೆ.

"ದೊಡ್ಡದೇ ಮಾಡ್ಸೋಣ ಸಾರ್" ಎಂದ ಅಣ್ಣ. ನಾನು ಬಾಗಿಲ ಹಿಂದೆ ನಿಂತು ಬೇಡಿದ್ದನ್ನು ಈಗ ಅವನು ಬೇಡುತ್ತಿದ್ದ. "ಮುಂದಿನ ತಿಂಗಳು ನಿಶ್ಚಯ, ಅದರೊಳಗೆ ಆಗತ್ತಾ?"

ಡಾಕ್ಟರು ಮೊದಲ ಸಲ ನನ್ನನ್ನೇ ಮಾತಾಡಿಸಿದರು. "ನೀವೇನಂತೀರಮ್ಮ?"

ನನಗೆ ಬಂದದ್ದು ಸಿಟ್ಟು. ಬೇಕಾದಾಗ ಕೇಳದೆ, ಬೇಡವಾದಾಗ ಕೇಳುತ್ತಿದ್ದರು.

"ಬಿಟ್ರೆ ಸಾಯ್ತೀನಾ?"

"ಇಲ್ಲಮ್ಮ. ಗಾಯ ಮಾಗ್ತಾ ಇದೆ."

"ಹಾಗಾದ್ರೆ ಬೇಡ."

"ಅವಳಿಗೇನು ಗೊತ್ತು ಸಾರ್" ಎಂದು ಅಣ್ಣ ಶುರು ಮಾಡುವಷ್ಟರಲ್ಲಿ ನಾನು ಎದ್ದು ಹೊರಟೆ. ನಾನು ಅಳುತ್ತಾ ಓಡಿದೆ ಎಂದು ಅಣ್ಣ ಕೊನೆಯವರೆಗೂ ಹೇಳುತ್ತಿದ್ದ. ನಡೆದೆ ಎಂದು ನನ್ನ ನೆನಪು. ಒಂದೇ ಮಧ್ಯಾಹ್ನದ ಬಗ್ಗೆ ಇಬ್ಬರೂ ಸುಳ್ಳು ಹೇಳುತ್ತಿರಬಹುದು. ಹೆದರಿ ಬೇಡವೆಂದೆನೋ, ಅವರೆಲ್ಲರ ಮೇಲಿನ ಹಟಕ್ಕೆ ಬೇಡವೆಂದೆನೋ, ಇಂದಿಗೂ ಬಿಡಿಸಲಾಗಿಲ್ಲ. ಧೈರ್ಯ ಎಂದು ಬರೆದುಬಿಟ್ಟರೆ ಓದುವವರಿಗೆ ಹಿತವಾಗುತ್ತದೆ. ಬರೆಯಲು ಕೈ ಏಳುವುದಿಲ್ಲ.

 ಶ್ರೀನಿವಾಸಪುರದಲ್ಲಿ ರೈಲು ಇಳಿಯುವಾಗ ಅಣ್ಣ, "ಮನೇಲಿ ನೀನೇ ಹೇಳ್ಕೋ" ಎಂದ.

"ಹೇಳ್ತೀನಿ" ಎಂದೆ.

ಹೇಳಿದೆ. ಸೆರಗು ಸರಿಸಿ, ಮಗ್ಗುಲಿಗೆ ತಿರುಗದೆ, ಮೂವರ ಮುಂದೆ ನಿಂತು ಹೇಳಿದೆ. ಚಿಕ್ಕಪ್ಪನಿಗೆ ಅಂದು ತಮಾಷೆ ಹೊಳೆಯಲಿಲ್ಲ. ಅಜ್ಜಿ ಮಾತ್ರ, "ಮಾಲೂರಿನೋರಿಗೆ ಏನಂತ ಹೇಳೋದೇ?" ಎಂದಳು.

"ಒಂದು ವರ್ಷ ಮೂಗಿಗೆ ಏನೂ ಹಾಕ್ಬಾರ್ದು ಅಂದಿದ್ರು ಡಾಕ್ಟ್ರು. ಹಾಗೇ ಹೇಳಿ."

ಅಣ್ಣ ನೆಲ ನೋಡಿದ. ಆ ಮಾತು ಜಗಲಿಯಲ್ಲಿ ಮೊದಲ ಸಲ ಕೇಳಿಬಂದದ್ದು ಆಗ, ಅದರಿಂದ ಯಾರಿಗೂ ಯಾವ ಪ್ರಯೋಜನವೂ ಉಳಿದಿರದ ದಿನ.