ಕೇಳದಿದ್ದರೂ ಹೂಂ

ಮೊನ್ನೆ ಮೊಮ್ಮಗಳು ನನಗೆ ಬೈದಳು. "ಆಯಿ, ಮೆಲ್ಲಕ ಮಾತಾಡು. ಎಷ್ಟ್ ಒದರ್ತಿ!"

ಒದರದೆ ಏನು ಮಾಡಲಿ? ಎಂಟು ವರ್ಷ ಅವಳ ಜೊತೆ ಒದರಿಯೇ ಮಾತಾಡಿದ್ದೇನೆ. ಆಗ ಅರ್ಧ ಮಾತೂ ಮುಟ್ಟುತ್ತಿರಲಿಲ್ಲ. ಅಂಥವಳು ಈಗ ಮೆಲ್ಲಗೆ ಅನ್ನುತ್ತಾಳೆ. ಆ ಬೈಗುಳ ಎಷ್ಟು ರುಚಿಯಾಗಿತ್ತೆಂದರೆ, ಬೇಕಂತಲೇ ಇನ್ನೊಮ್ಮೆ ಒದರಿದೆ.

ಶಿವಲೀಲಾ ಒಂಬತ್ತನೇ ಕ್ಲಾಸು. ಒಂದನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು. ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಊರಿಗೆ ಗೊತ್ತಾಗಲಿಲ್ಲ. ಗೊತ್ತಾಗದಂತೆ ನೋಡಿಕೊಂಡವಳು ನಾನೇ. "ಮಾತಾಡೋರ ತುಟಿ ನೋಡು. ತಿಳೀಲಿಲ್ಲಂದ್ರೂ ಹೂಂ ಅನ್ನು. ಏನಂದ್ರಿ ಅಂತ ತಿರುಗಿ ಕೇಳಬ್ಯಾಡ" ಎಂದು ಕಲಿಸಿದ್ದೆ. ಮಗ, ಸೊಸೆ ಇಬ್ಬರೂ ನನ್ನ ಮಾತಿಗೆ ತಲೆಯಾಡಿಸಿದರು. ಹೆಣ್ಣು ಹುಡುಗಿ. ನಾಳೆ ಸಿಂದಗಿಯಿಂದಲೋ ಮುದ್ದೇಬಿಹಾಳದಿಂದಲೋ ನೋಡಲು ಬಂದವರು ಕಿವುಡಿ ಅಂತ ಎದ್ದು ಹೋದರೆ? (ಬೀಗರು ಯಾರೆಂದು ದೇವರಿಗೇ ಗೊತ್ತಿಲ್ಲ. ನಾನು ಆಗಲೇ ಅವರಿಗೆ ಹೆದರುತ್ತಿದ್ದೆ.)

ಹುಡುಗಿ ಜಾಣೆ, ತುಟಿ ಓದಲು ಕಲಿತಳು. ಆದರೆ ಮಾಸ್ತರು ಬೋರ್ಡಿನ ಕಡೆ ಮುಖ ಮಾಡಿದರೆ ತುಟಿ ಎಲ್ಲಿ ಕಾಣಬೇಕು? ಗಣಿತ ಹೋಯಿತು, ವಿಜ್ಞಾನ ಹೋಯಿತು. ಒಂದು ದಿನ ಪುಸ್ತಕದ ಚೀಲ ಮೂಲೆಗೆ ಒಗೆದಳು. "ನಾ ಸಾಲಿ ಬಿಡ್ತೇನಿ. ನಿನ್ನ ಕೂಡ ಹೊಲಕ್ಕ ಬರ್ತೇನಿ."

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. (ಈ ಅಂಕಣ ಬರೆಯುವಷ್ಟು ಅಕ್ಷರ ಆಮೇಲೆ ನಾನೇ ತಿದ್ದಿ ಕಲಿತದ್ದು.) ಬಿಟ್ಟ ಮೇಲೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಚೀಲ ಎತ್ತಿ ಮತ್ತೆ ಗೂಟಕ್ಕೆ ಹಾಕಿದೆ.

ಆ ವಾರವೇ ಬಂದವನು ಮಾಳಪ್ಪ. ನಮ್ಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವವನು. ಅವನಿಗೂ ಒಂದು ಕಾಲಿಗೆ ಪೋಲಿಯೊ. ಮೂರು ಗಾಲಿಯ ಸ್ಕೂಟರಿನ ಮೇಲೆ ಹಳ್ಳಿ ಹಳ್ಳಿ ತಿರುಗುತ್ತಾನೆ. ಮನೆ ಮನೆ ಲೆಕ್ಕ ಬರೆಯುತ್ತ ಬಂದವನು, ನಾನು ಹುಡುಗಿಗೆ ಒದರುವುದು ಕೇಳಿಯೇ ಹಿಡಿದುಬಿಟ್ಟ. (ಇಂಥವನೊಬ್ಬ ಇರುತ್ತಾನೆಂದೇ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ?)

"ಆಯಿ, ಸರ್ಟಿಫಿಕೇಟ್ ಮಾಡಸೋಣು. ಕಾರ್ಡ್ ಬಂದ್ರ ಕಿವಿ ಮಷಿನ್ನಿಗೆ ಅರ್ಜಿ ಹಾಕಬಹುದು. ತಿಂಗಳಾ ಪೆನ್ಶನ್ನೂ ಐತಿ."

"ಊರ ಮಂದಿಗೆ ಗೊತ್ತಾಗ್ತೈತಲ್ಲೋ ತಮ್ಮಾ?"

"ನನ್ನ ಕಾಲ ಊರ ಮಂದಿಗೆ ಗೊತ್ತಿಲ್ಲೇನು? ನನಗ ಹೆಣ್ಣ ಸಿಗಲಿಲ್ಲೇನು?"

(ಸಿಕ್ಕಿದೆ. ಆಕೆಯ ಬಾಯಿ ನೋಡಿದರೆ, ಇವನಿಗೂ ಕಿವಿ ಕೇಳದಿದ್ದರೆ ಚಲೋ ಇತ್ತು.)

ಇಂಡಿಯಲ್ಲಿ ತಪಾಸಣೆಯ ಶಿಬಿರ. ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಹೊಸ ಡ್ರೆಸ್ ತೊಡಿಸಿ ಕರೆದುಕೊಂಡು ಹೋದೆ. ಲೇಡಿ ಡಾಕ್ಟರ್ ಎದುರಿಗೇ ಕೂತು ಹೆಸರು ಕೇಳಿದರು, ಕ್ಲಾಸು ಕೇಳಿದರು. ಹುಡುಗಿ ತುಟಿ ನೋಡಿ ಪಟಪಟ ಹೇಳಿದಳು.

"ಕಿವಿ ಕೇಳುತ್ತಾ?"

"ಹೂಂ."

ನನಗೋ ಹೆಮ್ಮೆ! ಸುಮ್ಮನಿರದೆ ನಡುವೆ ಬಾಯಿ ಹಾಕಿದೆ. "ಭಾಳ ಶಾಣ್ಯಾ ಅದಾಳ್ರಿ. ಎಲ್ಲಾ ತಿಳೀತೈತ್ರಿ ಆಕಿಗಿ."

"ಹಾಗಿದ್ದರೆ ಯಾಕೆ ಬಂದಿರಿ?" ಡಾಕ್ಟರ್ ಕಾಗದ ಬದಿಗಿಟ್ಟರು. ತಪ್ಪು ಅವರದಲ್ಲ.

ಹೊರಗೆ ಬಂದದ್ದೇ ತಡ, ಮಾಳಪ್ಪ ಹರಿಹಾಯ್ದ. "ಆಯಿ, ನೀ ಕನ್ಯಾ ತೋರಸಾಕ ಬಂದಿಯೋ, ಕಿವಿ ತೋರಸಾಕ ಬಂದಿಯೋ?"

ನಾನು ಹುಡುಗಿಯ ಜಡೆ ಸರಿಮಾಡಿದೆ.

ಅವನು ನಮ್ಮಿಬ್ಬರನ್ನೂ ಕರೆದುಕೊಂಡು ಕೋಲೂರುತ್ತ ಮತ್ತೆ ಒಳಗೆ ಹೋದ. "ಮೇಡಂ, ಒಮ್ಮಿ ಹುಡುಗಿ ಬೆನ್ನ ಹಿಂದ ನಿಂತು ಕರದ ನೋಡ್ರಿ" ಎಂದು ಕೈಮುಗಿದ. ಅಷ್ಟು ಗದ್ದಲದಲ್ಲೂ ಡಾಕ್ಟರ್ ಎದ್ದರು. ಹಿಂದೆ ನಿಂತು ಕರೆದರು. ಜೋರಾಗಿ ಕರೆದರು. ಚಪ್ಪಾಳೆ ತಟ್ಟಿದರು. ಶಿವಲೀಲಾ ಗೋಡೆಯ ಮೇಲಿನ ಚಿತ್ರ ನೋಡುತ್ತ ಆರಾಮ ಕೂತಿದ್ದಳು.

ನಾನು ಎಂದೂ ಅವಳನ್ನು ಬೆನ್ನ ಹಿಂದಿನಿಂದ ಕರೆದು ನೋಡಿರಲಿಲ್ಲ. ನೋಡಲು ಧೈರ್ಯ ಇರಲಿಲ್ಲ, ಅಷ್ಟೇ.

ಡಾಕ್ಟರ್ ವಿಜಯಪುರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡುತ್ತಾರೆ. ಒಳಗೆ ಕಳಿಸುವ ಮೊದಲು ಹುಡುಗಿಯ ಗದ್ದ ಹಿಡಿದು, ತುಟಿ ಕಾಣುವಂತೆ ಹೇಳಿದೆ: "ಕೇಳಿದ್ರ ಹೂಂ ಅನ್ನು. ಕೇಳಲಿಲ್ಲಂದ್ರ ಇಲ್ಲ ಅನ್ನು."

ಅವಳು ನನ್ನನ್ನೇ ನೋಡಿದಳು. "ಇಲ್ಲಂದ್ರ ನೀ ಬೈಯಂಗಿಲ್ಲೇನು?"

ಈ ಮಾತಿಗೆ ಎಣ್ಣೆ ಹಚ್ಚಿ, ಜಡೆ ಹೆಣೆದು ಚೆಂದ ಮಾಡಿ ತೋರಿಸಲು ಬರುವುದಿಲ್ಲ. "ಬೈಯಂಗಿಲ್ಲ" ಎಂದೆ. ಹುಡುಗಿ ಒಳಗೆ ಹೋಗಿ ಖರೇ ಹೇಳಿ ಬಂದಳು.

ಆಮೇಲೆ ಓಡಾಟ ಇತ್ತು. ಆಧಾರ್ ಒಂದು, ಫೋಟೊ ಒಂದು, ನಾಡ ಕಚೇರಿ ಎರಡು ಸಲ. ಕಾರ್ಡು ಬಂತು. ಮಷಿನ್ ಬಂತು. ಪೆನ್ಶನ್ನೂ ಶುರುವಾಯಿತು. ಕಚೇರಿಗಳಿಗೆ ಬೈದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಈ ಸಲ ಬೈಯಲು ಏನೂ ಸಿಗಲಿಲ್ಲ. ಎದ್ದು ಬಂದು ಚಪ್ಪಾಳೆ ತಟ್ಟಿದ ಡಾಕ್ಟರಿಗೆ ಕೈಮುಗಿಯುತ್ತೇನೆ. ಮಾಳಪ್ಪನಿಗೆ ಮಾತ್ರ ಬಾಯಿಂದ ಹೇಳಲಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾನೆ. ಹೋಳಿಗೆ ಮಾಡಿ ಕಳಿಸಿದೆ.

ಶಿವಲೀಲಾ ಶಾಲೆ ಬಿಡಲಿಲ್ಲ. ಬೋರ್ಡಿನ ಕಡೆ ತಿರುಗಿದ ಮಾಸ್ತರಿಗೆ, "ಸರ್, ತಿಳೀಲಿಲ್ರಿ, ಇನ್ನೊಮ್ಮಿ ಹೇಳ್ರಿ" ಅನ್ನುತ್ತಾಳಂತೆ. ಮಾಸ್ತರೇ ಮನೆಗೆ ಬಂದು ಹೇಳಿ ಹೋದರು.

ನಿಮ್ಮ ಮನೆಯಲ್ಲಿ ಹೂಂ ಅನ್ನುತ್ತ ಸುಮ್ಮನೆ ಕೂತವರು ಯಾರಾದರೂ ಇದ್ದಾರೆಯೇ? ಒಮ್ಮೆ ಬೆನ್ನ ಹಿಂದೆ ನಿಂತು ಕರೆದು ನೋಡಿದ್ದೀರಾ?